ಉಳಿ, ಸರಪಳಿ, ಮಿಷನ್ನು



ನಿಮ್ಮ ಊರಿನ ನೀರಿನ ಟ್ಯಾಂಕಿನ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಟ್ಯಾಂಕಿನ ತಳದಿಂದ ನೆಟ್ಟಗೆ ಇಳಿದು ಬರುವ ಕಪ್ಪು ಪೈಪುಗಳು ಕಾಣುತ್ತವೆ. ಬೀದಿಯಲ್ಲಿ ಹೂತಿರುವುದು ಪ್ಲಾಸ್ಟಿಕ್ ಪೈಪೇ ಇರಬಹುದು. ಈ ಇಳಿಪೈಪು ಮಾತ್ರ ಸಾಮಾನ್ಯವಾಗಿ ಕಬ್ಬಿಣದ್ದು. ಹಳೆಯ ಟ್ಯಾಂಕಾದರೆ ಬೀಡಿನದು. ಕನ್ನಡದಲ್ಲಿ ನಾವು ಬೀಡು ಎನ್ನುವುದನ್ನೇ ತೆಲುಗಿನಲ್ಲಿ ಪೋತ ಇನುಮು ಎನ್ನುತ್ತಾರೆ, ಅಂದರೆ ಎರಕ ಹೊಯ್ದ ಕಬ್ಬಿಣ. ತೆಲುಗಿನಲ್ಲಿ ಬೀಡು ಎಂದರೆ ಬಿತ್ತದೆ ಬಿಟ್ಟ ಹೊಲ ಎಂಬುದು ನಿಮಗೆ ಗೊತ್ತೇ ಇದೆ. ರೊದ್ದದ ಸಂತೆಯಲ್ಲಿ ನಿಂತು "ಬೀಡು ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಒಬ್ಬರು ಗುಜರಿ ಅಂಗಡಿ ತೋರಿಸಿಯಾರು, ಇನ್ನೊಬ್ಬರು ಊರಾಚೆಯ ಒಣ ಹೊಲ ತೋರಿಸಿಯಾರು. ಎರಡೂ ಸರಿಯೆ.

ಈ ಬೀಡಿನ ಪೈಪನ್ನು ಕತ್ತರಿಸುವುದು ಹೇಗೆ? ಕೈ ಹತಾರದಿಂದಲೋ, ಕರೆಂಟಿನ ಮಿಷನ್ನಿನಿಂದಲೋ? ಇದೇನು ಇತಿಹಾಸದ ವಿಷಯವೇ ಎಂದು ನೀವು ಕೇಳಬಹುದು. ನೀರಿನ ಇತಿಹಾಸ ಬರೆದವರು ದಿವಾನರ ಹೆಸರು ಬರೆದರು, ಕೆರೆಯ ಹೆಸರು ಬರೆದರು, ಖರ್ಚಾದ ಹಣ ಬರೆದರು. ತಗ್ಗಿನಲ್ಲಿ ಕುಳಿತು ಪೈಪು ತುಂಡು ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಅವನ ಹೆಸರು ಈಗ ಸಿಗಲಾರದು. ಅವನ ಕೆಲಸವನ್ನಾದರೂ ತಿಳಿಯೋಣ ಎಂದು ಈ ಮಾತು.

ಮೊದಲು ಆ ಲೋಹದ ಸ್ವಭಾವ ನೋಡಿ. ಕಬ್ಬಿಣ ಎಂದೊಡನೆ ನಮಗೆ ನೆನಪಾಗುವುದು ಬಾಗುವ, ಬಡಿದರೆ ಚಪ್ಪಟೆಯಾಗುವ ಕಬ್ಬಿಣ. ಗಾಡಿಯ ಪಟ್ಟೆ, ನೇಗಿಲ ಕುಳ. ಬೀಡು ಹಾಗಲ್ಲ. ಅದರಲ್ಲಿ ನೂರಕ್ಕೆ ಎರಡೂವರೆಯಿಂದ ನಾಲ್ಕು ಭಾಗದವರೆಗೆ ಇಂಗಾಲ ಇರುತ್ತದೆ. ಕರಗಿದ ಕಬ್ಬಿಣ ಆರುವಾಗ ಆ ಇಂಗಾಲ ಗ್ರಾಫೈಟಿನ ತೆಳುವಾದ ಹಾಳೆಚೂರುಗಳಾಗಿ ಒಳಗೆಲ್ಲ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳದ ಎರೆಮಣ್ಣು ಬಿರಿದಿರುವುದನ್ನು ನೋಡಿದ್ದೀರಲ್ಲ, ಬೀಡಿನ ಒಳಗೂ ಕಣ್ಣಿಗೆ ಕಾಣದ ಅಂಥ ಬಿರುಕುಗಳೇ ತುಂಬಿವೆ ಎಂದು ತಿಳಿಯಿರಿ. ಅದಕ್ಕೇ ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಎಳೆದರೆ, ಬಾಗಿಸಿದರೆ ಬಳೆಯಂತೆ ಮುರಿಯುತ್ತದೆ. ಆದರೆ ಬೇಗ ತುಕ್ಕು ತಿಂದು ಹೋಗುವುದಿಲ್ಲ. ಫ್ರಾನ್ಸಿನ ದೊರೆ 14ನೇ ಲೂಯಿ ತನ್ನ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗಾಗಿ 1664ರಿಂದ ಹಾಕಿಸಿದ ಬೀಡಿನ ಪೈಪುಗಳು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನೀರು ಹರಿಸಿದವು.

ಇಂಥ ಪೈಪಿನ ಒಂದು ತುದಿ ಅಗಲವಾದ ಬಾಯಿ, ಇನ್ನೊಂದು ತುದಿ ಸಾದಾ. ಒಂದರ ಸಾದಾ ತುದಿಯನ್ನು ಇನ್ನೊಂದರ ಬಾಯಿಗೆ ತೂರಿಸಿ, ಸಂದಿಗೆ ಸಣಬಿನ ಹುರಿ ಗಿಡಿದು, ಕರಗಿಸಿದ ಸೀಸ ಹೊಯ್ದು, ಆರಿದ ಮೇಲೆ ಉಳಿಯಿಂದ ಬಡಿದು ಬಿಗಿ ಮಾಡುವ ಪದ್ಧತಿಯನ್ನು ಲಂಡನ್ನಿನ ನೀರಿನ ಕಂಪನಿಯ ಎಂಜಿನಿಯರ್ ಥಾಮಸ್ ಸಿಂಪ್ಸನ್ 1785ರಲ್ಲಿ ಬಳಕೆಗೆ ತಂದರು. ನಮ್ಮ ಪಟ್ಟಣಗಳಿಗೆ ಬೀಡಿನ ಪೈಪು ಬಂದಾಗ ಈ ಪದ್ಧತಿಯೂ ಅದರ ಜೊತೆಗೇ ಬಂತು.

ನಮಗೆ ಹತ್ತಿರದ ದೊಡ್ಡ ಉದಾಹರಣೆ ಬೆಂಗಳೂರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನೀರು ತರುವ ಚಾಮರಾಜೇಂದ್ರ ನೀರು ಸರಬರಾಜು ಯೋಜನೆ ಕೈಗೂಡತೊಡಗಿತು. 1896ರ ಹೊತ್ತಿಗೆ ಪಟ್ಟಣದಲ್ಲಿ ಕೊಳಾಯಿ ನೀರು ಹರಿಯಿತು. ನೀರನ್ನು ಮೇಲೆತ್ತಿದ್ದು ಉಗಿಯ ಯಂತ್ರ. ವಿದ್ಯುತ್ತು ಇನ್ನೂ ಬಂದಿರಲಿಲ್ಲ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿನಲ್ಲಿ ನಲ್ಲಿಯೇ ಮೊದಲು, ದೀಪ ಆಮೇಲೆ. ಹೀಗಾಗಿ ಆ ಬೀದಿಗಳಲ್ಲಿ ಹೂತ ಬೀಡಿನ ಪೈಪುಗಳನ್ನು ಕತ್ತರಿಸಿದ್ದು ಮನುಷ್ಯನ ತೋಳೇ.

ಪೈಪನ್ನು ಕತ್ತರಿಸುವ ಅಗತ್ಯವಾದರೂ ಏನು? ಪೈಪು ಬರುವುದು ಒಂದೇ ಅಳತೆಯಲ್ಲಿ. ಬೀದಿ ತಿರುಗುವುದು ಆ ಅಳತೆಗೆ ಸರಿಯಾಗಿ ಅಲ್ಲವಲ್ಲ! ತಿರುವಿಗೆ, ವಾಲ್ವಿಗೆ, ಕವಲಿಗೆ ಒಂದು ತುಂಡು ಬೇಕಾಗುತ್ತದೆ. ಆ ಕಾಲದ ದೊಡ್ಡ ಪೈಪುಗಳು ಬಹುಪಾಲು ಬ್ರಿಟನ್ನಿನಿಂದ ಹಡಗಿನಲ್ಲಿ ಬಂದು, ರೈಲು ಹತ್ತಿ, ಎತ್ತಿನ ಗಾಡಿ ಏರಿ ಕೆಲಸದ ಜಾಗ ಸೇರುತ್ತಿದ್ದವು. ಒಂದು ಏಟು ತಪ್ಪಿದರೆ ಇಡೀ ಪೈಪು ಉದ್ದಕ್ಕೆ ಸೀಳಿ ಹೋಗುತ್ತಿತ್ತು. ಅದರ ಬದಲಿ ಸಮುದ್ರದಾಚೆ ಇತ್ತು.

ಆ ಕೆಲಸ ನಡೆಯುತ್ತಿದ್ದ ಬಗೆ ಇದು. ಪೈಪಿನ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ಅದರ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಪಟ್ಟಿಯ ಎರಡು ತುದಿ ಸರಿಯಾಗಿ ಕೂಡಿದರೆ ಗೆರೆ ನೇರವಾಗಿದೆ ಎಂದರ್ಥ. ಗೆರೆಯ ಕೆಳಗೆ ಮರದ ದಿಮ್ಮಿಯನ್ನೋ ಮಣ್ಣಿನ ಗುಡ್ಡೆಯನ್ನೋ ಕೊಡುತ್ತಾರೆ, ಪೈಪು ಅಲ್ಲಾಡಬಾರದು. ಆಮೇಲೆ ಉಳಿ ಇಟ್ಟು ಮೆತ್ತಗೆ ಒಂದು ಏಟು. ಉಳಿ ಅರ್ಧ ಇಂಚು ಸರಿಸಿ ಇನ್ನೊಂದು. ಪೈಪನ್ನು ಉರುಳಿಸುತ್ತ ಸುತ್ತು ಮುಗಿಸುತ್ತಾರೆ. ಮೊದಲ ಸುತ್ತಿನಲ್ಲಿ ಗೀರು ಮಾತ್ರ ಬೀಳಬೇಕು. ಎರಡನೇ ಸುತ್ತಿಗೆ ಏಟು ಸ್ವಲ್ಪ ಬಲ, ಮೂರನೆಯದಕ್ಕೆ ಇನ್ನೂ ಬಲ. ದೊಡ್ಡ ಪೈಪಾದರೆ ಒಬ್ಬ ಹಿಡಿಕೆ ಹಾಕಿದ ಉಳಿ ಹಿಡಿಯುತ್ತಾನೆ, ಇನ್ನೊಬ್ಬ ದೊಡ್ಡ ಸುತ್ತಿಗೆ ಬೀಸುತ್ತಾನೆ. ಹಿಡಿದವನ ಮಣಿಕಟ್ಟು ಬೀಸಿದವನ ನಂಬಿಕೆಯ ಮೇಲೆ ನಿಂತಿದೆ.

ಕೈಗಿಂತ ಇಲ್ಲಿ ಕಿವಿಗೆ ಹೆಚ್ಚು ಕೆಲಸ. ಗಟ್ಟಿಯಿರುವ ತನಕ ಬೀಡು ಗಂಟೆಯಂತೆ ಠಣ್ ಎನ್ನುತ್ತದೆ. ಗೀರಿನ ಕೆಳಗೆ ಬಿರುಕು ಹರಿದ ಗಳಿಗೆಯಲ್ಲಿ ಆ ಸದ್ದು ಒಡೆದ ಮಡಕೆಯ ಸದ್ದಾಗುತ್ತದೆ. ಅಲ್ಲಿಗೆ ಏಟಿನ ಬಲ ತಗ್ಗಿಸಬೇಕು. ಮತ್ತೆರಡು ಮೆತ್ತನೆಯ ಏಟಿಗೆ ಪೈಪು ತಾನಾಗಿ ಎರಡು ತುಂಡಾಗಿ ಬೇರೆಯಾಗುತ್ತದೆ. ನಿಜ ಹೇಳಬೇಕೆಂದರೆ ಇದು ಕತ್ತರಿಸುವುದೇ ಅಲ್ಲ. ಬೀಡಿಗೆ ಎಲ್ಲಿ ಮುರಿಯಬೇಕೆಂದು ತಿಳಿಸಿ, ಮುರಿಯುವ ಕೆಲಸವನ್ನು ಅದಕ್ಕೇ ಬಿಡುವುದು. ಲೋಹದ ದೋಷವನ್ನೇ ಹತಾರ ಮಾಡಿಕೊಂಡ ಜಾಣತನ ಇದು.

ಕಷ್ಟ ಇಲ್ಲದೆ ಇರಲಿಲ್ಲ. ಹಳೆ ಕಾಲದ ಪೈಪುಗಳನ್ನು ಮರಳಿನ ಅಚ್ಚಿನಲ್ಲಿ ಎರೆಯುತ್ತಿದ್ದರು. ಒಳಗಿನ ತಿರುಳಚ್ಚು ಕೊಂಚ ಸರಿದರೂ ಪೈಪಿನ ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳುವು. ತೆಳುವಾದ ಕಡೆ ಬಿರುಕು ಮೊದಲೇ ಹರಿದು ಗೆರೆ ಬಿಟ್ಟು ಓಡುತ್ತಿತ್ತು. ಮೊದಲೇ ಹೂತ ಪೈಪನ್ನು ತಗ್ಗಿನೊಳಗೇ ಕತ್ತರಿಸಬೇಕಾದರೆ ಅದರ ಕೆಳಗೂ ಮಣ್ಣು ಬಗೆದು, ಕೆಸರಿನಲ್ಲಿ ಮಲಗಿ, ಕೆಳಗಿನಿಂದ ಮೇಲಕ್ಕೆ ಸುತ್ತಿಗೆ ಹೊಡೆಯಬೇಕಿತ್ತು. ಅದು ಮುಗಿದ ಮೇಲೆ ಸೀಸ ಹೊಯ್ಯುವ ಕೆಲಸ. ಸಂದಿಯಲ್ಲಿ ನೀರಿನ ಪಸೆ ಉಳಿದಿದ್ದರೆ ಕಾದ ಸೀಸ ತಾಕಿದ ಕೂಡಲೆ ಅದು ಆವಿಯಾಗಿ, ಸೀಸವನ್ನು ಮುಖಕ್ಕೆ ಎರಚುತ್ತಿತ್ತು.

ಉಳಿ ಬೇಗ ಮೊಂಡಾಗುತ್ತಿತ್ತು. ಅದನ್ನು ಮತ್ತೆ ಹದ ಮಾಡುವವನು ಊರಿನ ಕಮ್ಮಾರ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ತುದಿಯನ್ನಷ್ಟೇ ನೀರಿಗೆ ಅದ್ದಿ ತೆಗೆದರೆ, ಹಿಂಬದಿಯ ಕಾವು ತುದಿಯ ಕಡೆಗೆ ಹರಿದು ಬಣ್ಣಗಳು ಓಡುತ್ತವೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಉಳಿಗೆ ಬೇಕಾದ ಬಣ್ಣ ಅಂಚಿಗೆ ಬಂದಾಗ ಪೂರ್ತಿ ನೀರಿಗೆ. ಒಂದು ಗಳಿಗೆ ಮೊದಲಾದರೆ ಉಳಿಯ ಬಾಯಿ ಸಿಡಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದಾಗ ಇಲ್ಲಿನ ಜನ ಅದಿರಿನಿಂದ ಕಬ್ಬಿಣ ಮಾಡುವುದನ್ನೂ ಉಕ್ಕು ಮಾಡುವುದನ್ನೂ ವಿವರವಾಗಿ ಬರೆದಿಟ್ಟ. ಪೈಪು ಹಡಗಿನಲ್ಲಿ ಬಂದಿರಬಹುದು. ಅದನ್ನು ತುಂಡು ಮಾಡುವ ಉಳಿಗೆ ಹದ ಕೊಡುವ ವಿದ್ಯೆ ನಮ್ಮಲ್ಲಿ ಬಹಳ ಹಿಂದಿನಿಂದ ಇತ್ತು.

ಇಲ್ಲಿ ಭಾಷೆಯ ಒಂದು ಮಾತು. ಕನ್ನಡದ ಉಳಿ, ತೆಲುಗಿನ ಉಲಿ. ನಮ್ಮ ಸುತ್ತಿಗೆ, ಅವರ ಸುತ್ತಿ. ಕುಲುಮೆ, ಕೊಲಿಮಿ. ಗಡಿಯ ಎರಡೂ ಕಡೆ ಹೋಗಿ ದುಡಿದವನಿಗೆ ಹತಾರದ ಹೆಸರು ಹೊಸದಾಗಿ ಕಲಿಯುವ ತೊಂದರೆ ಇರಲಿಲ್ಲ. ಗರಗಸ ಮಾತ್ರ ರಂಪಂ ಆಗಿ ದೂರ ನಿಂತಿದೆ. ಶಾಸನಗಳ ರೊದ್ದನಾಡಿನಲ್ಲಿ ಎರಡು ನುಡಿ ಒಂದೇ ಕುಲುಮೆಯ ಮುಂದೆ ಕುಳಿತದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕರೆಂಟಿನದಕ್ಕೆ ಮಾತ್ರ ಎರಡೂ ಕಡೆ ಒಂದೇ ಹೆಸರು: ಕಟಿಂಗ್ ಮಿಷನ್ನು.

ಪೈಪಿಗೆ ಹಡಗು ಕಾಯುವ ಕಾಲ ಹೋದದ್ದು ನಮ್ಮ ನಾಡಿನಲ್ಲೇ ಬೀಡು ಎರೆಯತೊಡಗಿದಾಗ. ಮೈಸೂರು ಸರ್ಕಾರ 1918ರಲ್ಲಿ ಕೈಗೆತ್ತಿಕೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು. ಮೊದಮೊದಲು ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ದುಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ್ದು ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ. ಮನೆತನದ ಹೆಸರಾದ ಮೋಕ್ಷಗುಂಡಂ ಆಂಧ್ರದ ಒಂದು ಊರಿನ ಹೆಸರು. ನಿಮ್ಮ ಊರ ಮಗ್ಗುಲಲ್ಲಿ ಹರಿಯುವ ಪೆನ್ನೆಯೂ ಹುಟ್ಟುವುದು ಅದೇ ನಂದಿಯ ಬೆಟ್ಟಸಾಲಿನಲ್ಲಿ. ಅವರೂ ಪೆನ್ನೆಯಂತೆ ಎರಡು ನಾಡಿಗೆ ಸೇರಿದವರು. ಭದ್ರಾವತಿಯಲ್ಲಿ ಬೀಡಿನ ಪೈಪುಗಳೂ ತಯಾರಾದವು.

ಇದೇ ಹೊತ್ತಿಗೆ ಹೊರದೇಶಗಳಲ್ಲಿ ಪೈಪು ಎರೆಯುವ ರೀತಿಯೇ ಬದಲಾಗುತ್ತಿತ್ತು. ಬ್ರೆಜಿಲ್ ದೇಶದಲ್ಲಿ ದೆ ಲಾವೋ ಎಂಬ ಎಂಜಿನಿಯರ್, ಮೊದಲ ಮಹಾಯುದ್ಧದ ಕಾಲದಲ್ಲಿ, ಗಿರಗಿರನೆ ತಿರುಗುವ ಲೋಹದ ಅಚ್ಚಿನೊಳಗೆ ಕರಗಿದ ಬೀಡು ಹೊಯ್ದು ಪೈಪು ಮಾಡುವ ವಿಧಾನ ಕಂಡುಹಿಡಿದ. ತಿರುಗುವ ರಭಸಕ್ಕೆ ಕಬ್ಬಿಣ ಸುತ್ತಲೂ ಒಂದೇ ಸಮನಾಗಿ ಹರಡಿಕೊಳ್ಳುತ್ತದೆ. ಮರಳಿನ ಅಚ್ಚಿನ ದಪ್ಪ-ತೆಳುವಿನ ಕಾಟ ಹೋಯಿತು. ಕತ್ತರಿಸುವವನಿಗೆ ಇದರಿಂದ ಒಂದು ಹೊಸ ಹತಾರ ನಂಬಿಕೆಗೆ ಬಂತು. ಅದು ಸರಪಳಿ ಕಟ್ಟರ್. ಸೈಕಲ್ ಚೈನಿನಂಥ ಒಂದು ಗಟ್ಟಿ ಸರಪಳಿ, ಅದರ ಗೆಣ್ಣು ಗೆಣ್ಣಿಗೆ ಗಟ್ಟಿ ಉಕ್ಕಿನ ಚಿಕ್ಕ ಚಕ್ರಗಳು. ಪೈಪಿಗೆ ಸುತ್ತಿ, ಉದ್ದ ಹಿಡಿಕೆಯಿಂದ ಬಿಗಿಯುತ್ತ ಹೋದರೆ ಎಲ್ಲ ಚಕ್ರಗಳೂ ಒಟ್ಟಿಗೆ ಕಚ್ಚುತ್ತವೆ. ಬಿಗಿ ಮಿತಿ ಮೀರಿದಾಗ 'ಟಪ್' ಎಂದು ಒಂದೇ ಸಲಕ್ಕೆ ಪೈಪು ಮುರಿಯುತ್ತದೆ. ಉಳಿ ಸುತ್ತು ಹಾಕಿ ಮಾಡುತ್ತಿದ್ದುದನ್ನು ಸರಪಳಿ ಒಂದೇ ಕ್ಷಣದಲ್ಲಿ ಮಾಡಿತು. ಇದೂ ಕೈ ಹತಾರವೇ. ಕರೆಂಟು ಬೇಡ, ಕಿಡಿ ಇಲ್ಲ, ಧೂಳಿಲ್ಲ. ಕೈ ಹತಾರಗಳಲ್ಲಿ ಇದಕ್ಕೆ ಸಮನಾದದ್ದು ನನಗೆ ಕಾಣದು. ಆದರೆ ದುಬಾರಿಯಾದ್ದರಿಂದ ಸಣ್ಣ ಫಿಟ್ಟರನ ಚೀಲಕ್ಕೆ ಅದು ಹೆಚ್ಚಾಗಿ ಬರಲಿಲ್ಲ. ಅವನ ಚೀಲದಲ್ಲಿ ಉಳಿ, ಸುತ್ತಿಗೆ, ಹ್ಯಾಕ್ಸಾ ಬ್ಲೇಡು, ಇಷ್ಟೇ. ಹ್ಯಾಕ್ಸಾದಿಂದ ಬೀಡು ಕೊಯ್ಯುವಾಗ ಎಣ್ಣೆ ಹಾಕಬೇಕಿಲ್ಲ, ಒಳಗಿರುವ ಗ್ರಾಫೈಟೇ ಜಾರಿಸುತ್ತದೆ. ಆದರೆ ನಾಲ್ಕು ಇಂಚಿನ ಪೈಪು ಮುಗಿಯುವುದರೊಳಗೆ ತೋಳು ಸೋಲುತ್ತದೆ.

ಆಮೇಲೆ ಎರಡು ಸಂಗತಿ ನಡೆದವು, ಎರಡೂ ಹೊರದೇಶದಲ್ಲಿ, ಆರೇ ವರ್ಷದ ಅಂತರದಲ್ಲಿ. ಅಮೆರಿಕದಲ್ಲಿ ನಿಕ್ಕಲ್ ಕಂಪನಿಯೊಂದರ ಕೀತ್ ಮಿಲ್ಲಿಸ್ ಮತ್ತು ಸಂಗಡಿಗರು ಕರಗಿದ ಬೀಡಿಗೆ ಒಂದಿಷ್ಟು ಮೆಗ್ನೀಷಿಯಂ ಸೇರಿಸಿದಾಗ ಒಳಗಿನ ಗ್ರಾಫೈಟು ಹಾಳೆಚೂರಿನ ಬದಲು ಸಣ್ಣ ಗುಂಡುಗಳಾಗಿ ಕೂತಿತು. 1948ರಲ್ಲಿ ಇದು ಪ್ರಕಟವಾಯಿತು. ಗುಂಡುಗಳಿರುವ ಕಡೆ ಬಿರುಕು ಓಡುವುದಿಲ್ಲ. ಪೈಪು ಮುರಿಯುವ ಬದಲು ಬಾಗುತ್ತದೆ. ಇದೇ ಡಕ್ಟೈಲ್ ಕಬ್ಬಿಣ, ಫಿಟ್ಟರುಗಳ ಬಾಯಲ್ಲಿ ಡಿ.ಐ. ಪೈಪು. ಎರಡನೆಯದು, 1954ರಲ್ಲಿ ಜರ್ಮನಿಯ ಆಕರ್ಮನ್ ಮತ್ತು ಶ್ಮಿಟ್ ಕಂಪನಿ ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರನ್ನು ಮಾರುಕಟ್ಟೆಗೆ ತಂದದ್ದು. ನಮ್ಮ ಕಟಿಂಗ್ ಮಿಷನ್ನು ಅದೇ.

ಒಂದು ಇನ್ನೊಂದಕ್ಕಾಗಿ ಹುಟ್ಟಿದ್ದಲ್ಲ. ಆದರೂ ಹೊಸ ಪೈಪಿಗೆ ಹೊಸ ಮಿಷನ್ನೇ ಬೇಕಾಯಿತು. ಡಿ.ಐ. ಪೈಪಿನ ಮೇಲೆ ಉಳಿ ಇಟ್ಟು ಹೊಡೆದರೆ ತಗ್ಗು ಬೀಳುತ್ತದೆ, ಮುರಿಯುವುದಿಲ್ಲ. ಒಳಗಿನ ಸಿಮೆಂಟಿನ ಲೇಪ ಮಾತ್ರ ಉದುರುತ್ತದೆ. ಸರಪಳಿ ಬಿಗಿದರೆ ಪೈಪು ಅದುಮಿ ಅಂಡಾಕಾರವಾಗುತ್ತದೆ. ಲೋಹದ ದೋಷ ಹೋದಾಗ ಆ ದೋಷವನ್ನು ನಂಬಿದ್ದ ವಿದ್ಯೆಯೂ ಅದರ ಜೊತೆಗೆ ಹೋಯಿತು. ನಮ್ಮ ದೇಶದಲ್ಲಿ 1990ರ ದಶಕದಿಂದ ಡಿ.ಐ. ಪೈಪಿನ ತಯಾರಿಕೆ ಬೆಳೆಯಿತು. ಆಂಧ್ರದಲ್ಲೇ ಶ್ರೀಕಾಳಹಸ್ತಿಯ ಬಳಿಯ ರಾಚಗುನ್ನೇರಿಯಲ್ಲಿ ಅದರ ದೊಡ್ಡ ಕಾರ್ಖಾನೆ ಇದೆ. ಅದೇ ದಶಕದ ನಡುವೆ ಆಗಿನ ಅನಂತಪುರ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಪೈಪಿನಲ್ಲಿ ನೀರು ಬಂದದ್ದು ನಿಮ್ಮಲ್ಲಿ ಹಲವರಿಗೆ ಕಣ್ಣಾರೆ ಕಂಡ ನೆನಪು. 2019ರ ಜಲ ಜೀವನ್ ಮಿಷನ್ ಬಂದ ಮೇಲೆ ಬೀದಿಯೊಳಗೆ ಹೆಚ್ಚಾಗಿ ಪ್ಲಾಸ್ಟಿಕ್ ಪೈಪೇ. ಅದಕ್ಕೆ ಹ್ಯಾಕ್ಸಾ ಬ್ಲೇಡು ಸಾಕು.

ಹಾಗಾದರೆ ಉಳಿಯ ಕಥೆ ಮುಗಿಯಿತೆ? ಇಲ್ಲ. ಹೂತದ್ದು ಹೂತಲ್ಲೇ ಇದೆ. ಹಳೆ ಪಟ್ಟಣದ ಬೀದಿಗಳ ಕೆಳಗೆ, ಹಳೆ ಪಂಪುಮನೆಗಳಲ್ಲಿ, ಟ್ಯಾಂಕಿನ ಬುಡದಲ್ಲಿ ಬೂದು ಬೀಡು ಇನ್ನೂ ಕೆಲಸ ಮಾಡುತ್ತಿದೆ. ಒಂದೇ ತಗ್ಗಿನಲ್ಲಿ ಅಜ್ಜನ ಕಾಲದ ಬೀಡೂ ಮೊಮ್ಮಗನ ಕಾಲದ ಡಿ.ಐ. ಪೈಪೂ ಎದುರುಬದುರು ಬರುತ್ತವೆ. ಮೇಲೆ ಎರಡೂ ಕಪ್ಪೇ. ಡಿ.ಐ. ಪೈಪಿನ ಮೇಲೆ ಸಾಮಾನ್ಯವಾಗಿ ಕೆ7, ಕೆ9 ಎಂಬಂಥ ಗುರುತು ಇರುತ್ತದೆ. ಗುರುತು ಅಳಿಸಿದ್ದರೆ ಅಂಚಿಗೆ ಬ್ಲೇಡು ಹಾಕಿ ನಾಲ್ಕು ಸಲ ಎಳೆಯಿರಿ: ಬೂದು ಬೀಡು ಪುಡಿಪುಡಿಯಾಗಿ ಉದುರಿ ಬೆರಳು ಕರಿ ಮಾಡುತ್ತದೆ.

ಹಳೆ ಪೈಪಿಗೆ ಉಳಿಯೇ ಸರಿ ಎಂದು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಹಲವು ವರ್ಷಗಳ ಹಿಂದೆ, ಯುಗಾದಿಗೆ ಎರಡು ದಿನ ಇರುವಾಗ, ಗಡಿಯ ಪಟ್ಟಣವೊಂದರಲ್ಲಿ ನೀರಿನ ಮುಖ್ಯ ಪೈಪು ಒಡೆಯಿತು. ತಗ್ಗು ತೋಡಿದ್ದು ಚೌಳುಮಣ್ಣಿನ ಜಾಗದಲ್ಲಿ. ಹುಡುಗನೊಬ್ಬ ಬಾಡಿಗೆಗೆ ಮಿಷನ್ನು ತಂದು ಸಿದ್ಧವಾಗಿ ನಿಂತಿದ್ದ. ಆದರೆ ಅಲ್ಲಿದ್ದ ವಯಸ್ಸಾದ ಫಿಟ್ಟರ್ ತಾತ, ನಲವತ್ತು ವರ್ಷ ಬೀಡು ಮುರಿದ ಕೈ, ಅವನನ್ನು ತಡೆದು ಉಳಿ ಹಿಡಿದ. ನಾನೂ ಆ ತಾತನ ಪಕ್ಷವೇ. ಮೊದಲ ಸುತ್ತೂ ಮುಗಿಯಲಿಲ್ಲ. ಪೈಪು ಠಣ್ ಎನ್ನದೆ ಮಂಕಾಗಿ ಸದ್ದು ಮಾಡಿತು, ಇನ್ನೊಂದು ಏಟಿಗೆ ಬಾಯಿಯವರೆಗೆ ಉದ್ದಕ್ಕೆ ಸೀಳಿತು. ತಾತ ಚಾಕು ತೆಗೆದು ಪೈಪಿನ ಮೈ ಕೆರೆದ. ಮೆತ್ತಗೆ ಕರಿಪುಡಿ ಉದುರಿತು. "ಇದಿ ಇನುಮು ಕಾದು ನಾಯನಾ, ಬೊಗ್ಗು" ಎಂದ. ಕಬ್ಬಿಣವಲ್ಲ, ಇದ್ದಿಲು. ಮಾತು ಅಕ್ಷರಶಃ ನಿಜವಾಗಿತ್ತು. ಉಪ್ಪಿನಂಶದ ನೆಲದಲ್ಲಿ ಬಹುಕಾಲ ಕೂತ ಬೀಡಿನಿಂದ ಕಬ್ಬಿಣ ಮೆಲ್ಲಗೆ ಕರಗಿ ಹೋಗುತ್ತದೆ, ಗ್ರಾಫೈಟು ಮಾತ್ರ ಅದೇ ಆಕಾರದಲ್ಲಿ ಉಳಿಯುತ್ತದೆ. ನೋಡಲು ಪೈಪು, ಒಳಗೆ ಇದ್ದಿಲು. ಅದು ಏಟನ್ನೂ ತಾಳದು, ಸರಪಳಿಯ ಬಿಗಿಯನ್ನೂ ತಾಳದು. ಮೆಲ್ಲಗೆ ಕೊಯ್ಯುವ ಬ್ಲೇಡೋ ಮಿಷನ್ನಿನ ತಟ್ಟೆಯೋ ಬೇಕು. ಹಬ್ಬದ ದಿನ ಆ ಪಟ್ಟಣದ ಅರ್ಧ ಭಾಗದ ಹೆಂಗಸರು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತರು. ತಾತ ಅಲ್ಲೇ ಮರದ ಕೆಳಗೆ ಕೂತಿದ್ದ, ಊಟಕ್ಕೂ ಹೋಗಲಿಲ್ಲ. ಮೊದಲು ಚಾಕುವಿನಿಂದ ಕೆರೆದು ನೋಡಬೇಕಿತ್ತು ಎಂಬುದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಿಷನ್ನಿನ ಕೈಗೂ ಲೆಕ್ಕವಿದೆ. ನಾಲ್ಕು ಇಂಚಿನ ತಟ್ಟೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಸಂದಿಯಲ್ಲಿ ಸಿಕ್ಕಿಕೊಂಡರೆ ಮಿಷನ್ನು ಹಿಡಿದವನ ಕಡೆಗೇ ಎಗರುತ್ತದೆ, ತಟ್ಟೆ ಒಡೆದರೆ ಚೂರು ಎತ್ತ ಹಾರುವುದೋ ಹೇಳಲಾಗದು. ಕೈಗೆ ಅಡ್ಡವೆಂದು ಅದರ ಕವಚ ಬಿಚ್ಚಿಟ್ಟು, ಕಣ್ಣಿಗೆ ಕನ್ನಡಕವಿಲ್ಲದೆ, ಲುಂಗಿಯಲ್ಲೇ ಕೆಲಸ ಮಾಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಡಿ.ಐ. ಪೈಪಿನ ಸಿಮೆಂಟು ಲೇಪದಿಂದ ಏಳುವ ಬಿಳಿ ಧೂಳು ಕಲ್ಲುಕುಟಿಗರ ಪುಪ್ಪುಸ ತಿನ್ನುವ ಧೂಳಿನ ಜಾತಿಯದೇ. ಮೂಗಿಗೆ ಮಾಸ್ಕು ಬೇಕು. ತಗ್ಗಿನಲ್ಲಿ ನೀರು ನಿಂತಿರುವಾಗ ಕರೆಂಟಿನ ವೈರು ಒಳಗಿಳಿಸಬೇಡಿ. ಮೊದಲು ನೀರು ಹೊರಗೆ ಹಾಕಿಸಿ. ಅದು ಆಗದಿದ್ದರೆ, ಅಥವಾ ಕರೆಂಟೇ ಇಲ್ಲದ ರಾತ್ರಿಯಾದರೆ, ಪೈಪು ಗಟ್ಟಿ ಬೂದು ಬೀಡೇ ಆಗಿದ್ದರೆ, ಹಳೆಯ ಉಳಿಯೋ ಸರಪಳಿಯೋ ಈಗಲೂ ನಂಬಬಹುದಾದ ಜೊತೆಗಾರ. ಡಿ.ಐ. ಆಗಿದ್ದರೆ ಬ್ಲೇಡು ಹಿಡಿದು ಸರದಿಯ ಮೇಲೆ ಎಳೆಯಬೇಕು, ಇಲ್ಲವೆ ಬೆಳಗಾಗುವುದನ್ನು ಕಾಯಬೇಕು.

ಮಿಷನ್ನಿನಿಂದ ಕೊಯ್ದ ಡಿ.ಐ. ಪೈಪಿನ ಅಂಚು ಚೂಪಾಗಿರುತ್ತದೆ. ಹಾಗೆಯೇ ಬಾಯೊಳಗೆ ತೂರಿಸಿದರೆ ಅಲ್ಲಿ ಕೂತಿರುವ ರಬ್ಬರ್ ಉಂಗುರ ಕತ್ತರಿಸಿಹೋಗಿ, ಮಣ್ಣು ಮುಚ್ಚಿದ ಮೇಲೆ ಸೋರತೊಡಗುತ್ತದೆ. ಅದಕ್ಕೆ ಅಂಚನ್ನು ಸುತ್ತಲೂ ಓರೆಯಾಗಿ ಸವೆಸಬೇಕು. ಇದನ್ನೂ ಮಿಷನ್ನಿನಲ್ಲೇ ಮಾಡಬಹುದು. ನಾನು ಕಂಡ ಒಳ್ಳೆಯ ಫಿಟ್ಟರುಗಳು ಮಾತ್ರ ಕೊನೆಗೆ ಮಿಷನ್ನು ಕೆಳಗಿಟ್ಟು ಅರ ತೆಗೆದುಕೊಳ್ಳುತ್ತಾರೆ. ನಾಲ್ಕು ಸಲ ಉಜ್ಜಿ, ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸವರಿ, ಎಲ್ಲಿಯೂ ತಡೆಯದಿದ್ದರೆ ಉಂಗುರಕ್ಕೆ ಸೋಪಿನ ನೀರು ಹಚ್ಚಿ ಪೈಪು ತೂರಿಸುತ್ತಾರೆ.